ಆರ್‌ಒ ಯಂತ್ರದ ಫಿಲ್ಟರ್‌ಗಳನ್ನು ಮನೆಯಲ್ಲಿ ನಾವೇ ಬದಲಿಸುವ ಕ್ರಮ

ಕುಡಿಯುವ ನೀರನ್ನು ಶುದ್ಧೀಕರಿಸುವ ಆರ್‌ಒ ಯಂತ್ರದ ಪಕ್ಕದ ಗೋಡೆಯಲ್ಲಿ ಅಥವಾ ಸಿಂಕಿನ ಕೆಳಗೆ, ನಲ್ಲಿಯ ನೀರು ಮೊದಲು ಬಂದು ಸೇರುವ ಉದ್ದನೆಯ ಪ್ಲಾಸ್ಟಿಕ್ ಬೌಲ್ ಒಂದು ಇರುತ್ತದೆ. ಅದರೊಳಗೆ ನಿಂತಿರುವ, ಕೆಸರು ಸೋಸುವ ಬಿಳಿಯ ಕ್ಯಾಂಡಲ್ ಅಂಗಡಿಯಲ್ಲಿ ನೂರು, ನೂರೈವತ್ತು ರೂಪಾಯಿಗೆ ಸಿಗುತ್ತದೆ; ಯಂತ್ರದ ಒಳಗಿರುವ, ಲವಣ ತಡೆಯುವ ಮೆಂಬ್ರೇನ್‌ಗೆ ಅದರ ಹತ್ತು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಕೊಡಬೇಕಾಗುತ್ತದೆ. ಈ ಅಗ್ಗದ ಕ್ಯಾಂಡಲನ್ನು ಸಕಾಲದಲ್ಲಿ ಬದಲಿಸಿದರೆ ಆ ದುಬಾರಿ ಮೆಂಬ್ರೇನ್ ತನ್ನ ಪೂರ್ತಿ ಆಯುಷ್ಯ ಬಾಳುತ್ತದೆ, ಬದಲಿಸದಿದ್ದರೆ ಅರ್ಧದಲ್ಲೇ ಕೆಡುತ್ತದೆ. ಸರ್ವಿಸ್‌ನವರು ಬರುವವರೆಗೆ ಕಾಯುತ್ತಾ ತಿಂಗಳುಗಟ್ಟಲೆ ಕಂದು ಬಣ್ಣದ ಕ್ಯಾಂಡಲ್‌ನಿಂದಲೇ ನೀರು ಸೋಸಿಕೊಳ್ಳುವ ಮನೆಗಳನ್ನು ನಾನು ಬಹಳಷ್ಟು ನೋಡಿದ್ದೇನೆ. ಹತ್ತು ನಿಮಿಷದ ಈ ಕೆಲಸವನ್ನು ಯಾರು ಬೇಕಾದರೂ ಕಲಿಯಬಹುದು. ಯಂತ್ರದ ಒಳಗಿನ ಸೆಡಿಮೆಂಟ್, ಕಾರ್ಬನ್ ಫಿಲ್ಟರ್‌ಗಳು ಮತ್ತು ಮೆಂಬ್ರೇನ್ ಇನ್ನಷ್ಟು ತಾಳ್ಮೆ ಬೇಡುತ್ತವೆಯಾದರೂ ಅವು ಕೈಮೀರಿದ ಕೆಲಸಗಳೇನಲ್ಲ.

ಶುರುಮಾಡುವ ಮುನ್ನ ಒಂದು ಎಚ್ಚರಿಕೆ. ಯಂತ್ರವು ಇನ್ನೂ ವಾರಂಟಿಯಲ್ಲಿದ್ದರೆ ಅಥವಾ ವಾರ್ಷಿಕ ಸರ್ವಿಸ್ ಒಪ್ಪಂದ ಇದ್ದರೆ, ನಾವೇ ಮುಚ್ಚಳ ತೆಗೆದ ಕಾರಣಕ್ಕೆ ಅದು ರದ್ದಾಗಬಹುದು. ಆ ಕಾಗದವನ್ನು ಒಮ್ಮೆ ಓದಿಕೊಳ್ಳಿ. ಹೊರಗಿನ ಬೌಲ್‌ಗೆ ಸಾಮಾನ್ಯವಾಗಿ ಈ ತೊಡಕು ಇರುವುದಿಲ್ಲ, ಏಕೆಂದರೆ ಅದು ಯಂತ್ರದ ಭಾಗವಲ್ಲ, ಪ್ರತ್ಯೇಕವಾಗಿ ಜೋಡಿಸಿದ್ದು.

ನೀರು ಸಾಗುವ ದಾರಿ

ಯಾವ ಫಿಲ್ಟರ್ ಏನು ಮಾಡುತ್ತದೆ ಎಂಬುದು ತಿಳಿದಿದ್ದರೆ ಯಾವುದನ್ನು ಯಾವಾಗ ಬದಲಿಸಬೇಕು ಎಂಬುದು ತಾನಾಗಿಯೇ ಹೊಳೆಯುತ್ತದೆ. ನಲ್ಲಿಯಿಂದ ಬಂದ ನೀರು ಮೊದಲು ಹೊರಗಿನ ಬೌಲ್‌ನಲ್ಲಿರುವ ಸ್ಪನ್ ಕ್ಯಾಂಡಲ್ ಮೂಲಕ ಹಾದು ಮಣ್ಣು, ಮರಳು, ಪೈಪಿನ ತುಕ್ಕನ್ನು ಅಲ್ಲಿಯೇ ಬಿಡುತ್ತದೆ. ಯಂತ್ರದೊಳಗಿನ ಸೆಡಿಮೆಂಟ್ ಫಿಲ್ಟರ್ ಇನ್ನೂ ಉಳಿದ ಸಣ್ಣ ಕಣಗಳನ್ನು ಹಿಡಿಯುತ್ತದೆ. ಬಳಿಕ ಬರುವ ಕಾರ್ಬನ್ ಫಿಲ್ಟರ್ ಕ್ಲೋರಿನ್ ಮತ್ತು ವಾಸನೆಯನ್ನು ತೆಗೆಯುತ್ತದೆ. ಕ್ಲೋರಿನ್ ತೆಗೆಯುವುದು ರುಚಿಗಾಗಿ ಮಾತ್ರ ಎಂದು ಹಲವರು ತಿಳಿದಿದ್ದಾರೆ. ನಿಜವಾಗಿ ಅದು ಮೆಂಬ್ರೇನ್‌ನ ರಕ್ಷಣೆಗೆ. ಮೆಂಬ್ರೇನ್‌ನ ತೆಳುಪೊರೆಯನ್ನು ಕ್ಲೋರಿನ್ ನಿಧಾನವಾಗಿ ತಿಂದುಹಾಕುತ್ತದೆ, ಒಮ್ಮೆ ಹಾಗೆ ಕೆಟ್ಟ ಪೊರೆಯನ್ನು ಯಾವ ತೊಳೆತದಿಂದಲೂ ಸರಿಪಡಿಸಲಾಗದು. ಆದ್ದರಿಂದ ಕ್ಲೋರಿನ್ ಬೆರೆಸಿದ ಕಾವೇರಿ ನೀರು ಬರುವ ಮನೆಯಲ್ಲಿ ಕಾರ್ಬನ್ ಫಿಲ್ಟರ್‌ಗೆ ಹೆಚ್ಚು ಗಮನ ಬೇಕು, ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನ ಮನೆಯಲ್ಲಿ ಕ್ಯಾಂಡಲ್ ಮತ್ತು ಸೆಡಿಮೆಂಟ್ ಫಿಲ್ಟರ್‌ಗೆ ಹೆಚ್ಚು ಗಮನ ಬೇಕು.

ಅಲ್ಲಿಂದ ಮುಂದೆ ಪಂಪ್ ನೀರನ್ನು ಒತ್ತಡದಿಂದ ಮೆಂಬ್ರೇನ್‌ಗೆ ನೂಕುತ್ತದೆ. ಕರಗಿದ ಲವಣಗಳನ್ನು ಮೆಂಬ್ರೇನ್ ತಡೆದು, ಶುದ್ಧ ನೀರನ್ನು ಒಂದು ಪೈಪಿಗೂ ಲವಣ ತುಂಬಿದ ವೇಸ್ಟ್ ನೀರನ್ನು ಇನ್ನೊಂದು ಪೈಪಿಗೂ ಬಿಡುತ್ತದೆ. ವೇಸ್ಟ್ ಪೈಪಿನಲ್ಲಿ ಎಫ್‌ಆರ್ ಎಂದು ಕರೆಯುವ ಬೆರಳುದ್ದದ ತುಂಡು ಇದೆ. ಹೊರಗೆ ಹೋಗುವ ನೀರನ್ನು ಬಿಗಿಹಿಡಿದು ಮೆಂಬ್ರೇನ್‌ನೊಳಗೆ ಒತ್ತಡ ನಿಲ್ಲುವಂತೆ ಮಾಡುವುದು ಅದೇ.

ಮೊದಲು ನೀರನ್ನು ಅಳೆಯಿರಿ

ಕೆಲವು ನೂರು ರೂಪಾಯಿಗೆ ಸಿಗುವ, ನೀರಿನಲ್ಲಿ ಕರಗಿದ ಲವಣಗಳನ್ನು (ಟಿಡಿಎಸ್) ಅಳೆಯುವ ಪೆನ್ನಿನಾಕಾರದ ಟಿಡಿಎಸ್ ಮೀಟರ್ ಕೊಳ್ಳದೆ ಈ ಕೆಲಸಕ್ಕೆ ಇಳಿಯಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ನಲ್ಲಿಯ ನೀರನ್ನು ಒಂದು ಲೋಟದಲ್ಲಿಯೂ ಯಂತ್ರದ ನೀರನ್ನು ಇನ್ನೊಂದು ಲೋಟದಲ್ಲಿಯೂ ಹಿಡಿದು ಎರಡನ್ನೂ ಅಳೆಯಿರಿ. ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ನಲ್ಲಿಯ ನೀರು 800, ಶುದ್ಧ ನೀರು 60 ಇದ್ದರೆ ಮೆಂಬ್ರೇನ್ ಶೇಕಡಾ 92ಕ್ಕೂ ಹೆಚ್ಚು ಲವಣ ತಡೆಯುತ್ತಿದೆ, ಅದು ಆರೋಗ್ಯವಾಗಿದೆ. ಅದೇ 800ರ ನೀರಿಗೆ 200 ಬಂದರೆ ತಡೆ ಶೇಕಡಾ 75ಕ್ಕೆ ಇಳಿದಿದೆ, ಅಂದರೆ ಮೆಂಬ್ರೇನ್‌ನ ದಿನಗಳು ಮುಗಿಯುತ್ತ ಬಂದಿವೆ ಎಂದು ಅನುಮಾನಿಸಬಹುದು.

ಅನುಮಾನಿಸಬಹುದು ಎಂದಷ್ಟೇ ಹೇಳಿದ್ದಕ್ಕೆ ಕಾರಣವಿದೆ. ನಮ್ಮ ಮನೆಯ ಯಂತ್ರದ ನೀರು ಒಮ್ಮೆ ಇದ್ದಕ್ಕಿದ್ದಂತೆ 170 ತೋರಿಸಿತು. ಸರ್ವಿಸ್‌ಗೆ ಬಂದವರು ಮೆಂಬ್ರೇನ್ ಹೋಗಿದೆ, ಹೊಸದು ಹಾಕಬೇಕು ಎಂದರು. ನಾನು ಅವರನ್ನು ಕಾಯಲು ಕೇಳಿಕೊಂಡು, ಮೆಂಬ್ರೇನ್‌ನಿಂದ ನೇರವಾಗಿ ಹೊರಡುವ ಪೈಪನ್ನು ಕಳಚಿ ಅದರ ನೀರನ್ನು ಲೋಟಕ್ಕೆ ಹಿಡಿದೆ. ಮೀಟರಿನಲ್ಲಿ ಕಂಡದ್ದು 38. ಮೆಂಬ್ರೇನ್ ಚೆನ್ನಾಗಿಯೇ ಇತ್ತು. ರುಚಿಗಾಗಿ ಮೆಂಬ್ರೇನ್ ದಾಟದ ನೀರನ್ನು ಸ್ವಲ್ಪ ಬೆರೆಸುವ ಟಿಡಿಎಸ್ ಕಂಟ್ರೋಲರ್‌ನ ತಿರುಪು, ಹಿಂದಿನ ಸರ್ವಿಸ್‌ನಲ್ಲಿ ಸಡಿಲವಾಗಿತ್ತು. ಅದನ್ನು ಅರ್ಧ ಸುತ್ತು ಬಿಗಿ ಮಾಡಿದ್ದಕ್ಕೆ ನೀರು 70ಕ್ಕೆ ಇಳಿಯಿತು. ಆದ್ದರಿಂದ ಮೆಂಬ್ರೇನ್ ಬದಲಿಸುವ ಮುನ್ನ ಅದರ ಸ್ವಂತ ಪೈಪಿನ ನೀರನ್ನೇ ಅಳೆಯಿರಿ. ಯಂತ್ರದ ನಲ್ಲಿಯಲ್ಲಿ ಬರುವ ಬೆರಕೆ ನೀರಿನ ಅಂಕಿಯನ್ನು ನಂಬಿ ತೀರ್ಮಾನಿಸಬೇಡಿ.

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಇನ್ನೊಂದು ತೊಡಕು ಇದೆ. ನೆಲದಡಿಯ ಒಂದೇ ಸಂಪ್‌ಗೆ ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಮೂರೂ ನೀರು ಬಂದು ಬೀಳುವುದರಿಂದ ಇಂದಿನ ಅಂಕಿ ನಾಳೆಗೆ ಇರುವುದಿಲ್ಲ. 2024ರ ಮಾರ್ಚ್‌ನಲ್ಲಿ ಊರೆಲ್ಲ ಟ್ಯಾಂಕರ್‌ಗಾಗಿ ಕಾದಾಗ, ಮೂರು ತಿಂಗಳು ಬಾಳುತ್ತಿದ್ದ ಕ್ಯಾಂಡಲ್ ನಮ್ಮ ಮನೆಯಲ್ಲಿ ಮೂರು ವಾರಕ್ಕೇ ಕಂದಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ನೀರು ಯೋಜನೆಯ ಐದನೇ ಹಂತ ಚಾಲನೆಗೊಂಡು ನಗರದ ಅಂಚಿನ 110 ಹಳ್ಳಿಗಳಿಗೆ ನೀರು ಹರಿಯತೊಡಗಿತು. ಹೀಗೆ ಬೋರ್‌ವೆಲ್‌ನಿಂದ ಕಾವೇರಿಗೆ ಬದಲಾದ ಮನೆಗಳು ತಮ್ಮ ನೀರನ್ನು ಮತ್ತೊಮ್ಮೆ ಅಳೆದು ನೋಡುವುದು ಒಳ್ಳೆಯದು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕರಗಿದ ಲವಣಗಳ ಒಪ್ಪಿತ ಮಿತಿ ಲೀಟರಿಗೆ 500 ಮಿಲಿಗ್ರಾಂ. ಬೇರೆ ಮೂಲವಿಲ್ಲದಿದ್ದರೆ 2000ದವರೆಗೆ ಅವಕಾಶವಿದೆ. ನಲ್ಲಿಯ ನೀರೇ 500ಕ್ಕಿಂತ ಬಹಳ ಕಡಿಮೆ ಇದ್ದು ಬೇರಾವ ದೋಷವೂ ಇಲ್ಲದಿದ್ದರೆ ಹಳೆಯ ಮೆಂಬ್ರೇನ್ ಬದಲಿಗೆ ಹೊಸದನ್ನು ಹಾಕುವ ಅಗತ್ಯವೇ ಬೀಳದಿರಬಹುದು. ಕಾರ್ಬನ್ ಮತ್ತು ರೋಗಾಣು ಕೊಲ್ಲುವ ಯುವಿ ದೀಪ ಇರುವ ಸಾಧಾರಣ ಯಂತ್ರವೇ ಸಾಕು.

ಮೀಟರಿಗೂ ಒಂದು ಮಿತಿಯಿದೆ. ಅದು ಕರಗಿದ ಲವಣಗಳ ಒಟ್ಟು ಅಂದಾಜನ್ನು ಮಾತ್ರ ಹೇಳುತ್ತದೆ, ರೋಗಾಣುಗಳ ಬಗ್ಗೆಯಾಗಲಿ ಫ್ಲೋರೈಡ್ ಬಗ್ಗೆಯಾಗಲಿ ಏನನ್ನೂ ಹೇಳುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡದಂಥ ಕಡೆಗಳಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿರುವ ಊರುಗಳಿವೆ. ಅಲ್ಲಿ ಸೋತ ಮೆಂಬ್ರೇನನ್ನು ಇನ್ನೂ ಆರು ತಿಂಗಳು ಎಳೆಯುವುದು ಮಕ್ಕಳ ಹಲ್ಲು, ಮೂಳೆಗಳಿಗೆ ನೇರವಾಗಿ ಹಾನಿ ಮಾಡುವ ವಿಷಯ. ಅಂಥ ಕಡೆ ವರ್ಷಕ್ಕೊಮ್ಮೆಯಾದರೂ ಶುದ್ಧ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಲೇಬೇಕು.

ಹೊರಗಿನ ಕ್ಯಾಂಡಲ್

ಕೈಗೆ ಸಿಗುವಂತೆ ಒಂದು ಬಕೆಟ್, ಹಳೆಯ ಟವೆಲ್, ಹೊಸ ಕ್ಯಾಂಡಲ್ ಮತ್ತು ಬೌಲ್ ಜತೆಗೆ ಕೊಟ್ಟಿರುವ ಉಂಗುರದಾಕಾರದ ಸ್ಪ್ಯಾನರ್ ಇಟ್ಟುಕೊಳ್ಳಿ. ಕ್ಯಾಂಡಲ್ ಕೊಳ್ಳುವಾಗ ಬೌಲ್‌ನ ಉದ್ದಕ್ಕೆ ಹೊಂದುವಂಥದ್ದನ್ನು ಕೇಳಿ. ಮನೆಗಳಲ್ಲಿ ಹೆಚ್ಚಾಗಿ ಇರುವುದು 10 ಇಂಚಿನದು, ಸೋಸುವ ರಂಧ್ರ 5 ಮೈಕ್ರಾನ್‌ನದು.

ಮೊದಲು ಯಂತ್ರದ ಪ್ಲಗ್ ಹಾಗೇ ಇರಲಿ. ಬೌಲ್‌ಗೆ ನೀರು ಬರುವ ವಾಲ್ವ್ ಮುಚ್ಚಿ, ಯಂತ್ರದಿಂದ ಒಂದೆರಡು ಲೀಟರ್ ನೀರು ಹಿಡಿದುಕೊಳ್ಳಿ. ಆಗ ಪಂಪ್ ಓಡಿ ಪೈಪಿನಲ್ಲಿ ನಿಂತಿದ್ದ ಒತ್ತಡವನ್ನು ಎಳೆದುಕೊಳ್ಳುತ್ತದೆ. ಪಂಪಿನ ಸದ್ದು ಬದಲಾದ ಕೂಡಲೇ ಸ್ವಿಚ್ ಆರಿಸಿ ಪ್ಲಗ್ ಕಿತ್ತುಬಿಡಿ. ಕೆಲವು ಬೌಲ್‌ಗಳ ತಲೆಯ ಮೇಲೆ ಕೆಂಪು ಗುಂಡಿ ಇರುತ್ತದೆ. ಅದನ್ನು ಒತ್ತಿದರೂ ಉಳಿದ ಒತ್ತಡ ಹೊರಹೋಗುತ್ತದೆ. ಈ ಹೆಜ್ಜೆಯನ್ನು ಬಿಟ್ಟವರಿಗೆ ಬೌಲ್ ಕಲ್ಲಿನಂತೆ ಬಿಗಿಯಾಗಿರುವಂತೆ ಅನಿಸುತ್ತದೆ, ಬಲ ಹಾಕಿದರೆ ಗೋಡೆಯ ಸ್ಕ್ರೂಗಳೇ ಕಿತ್ತುಬರುತ್ತವೆ.

ಬೌಲ್ ತಲೆಕೆಳಗಾಗಿ ನೇತಾಡುತ್ತಿರುವುದರಿಂದ ಯಾವ ಕಡೆಗೆ ತಿರುಗಿಸಬೇಕು ಎಂಬ ಗೊಂದಲ ಎಲ್ಲರಿಗೂ ಆಗುತ್ತದೆ. ಬೌಲ್‌ನ ಎದುರು ನಿಂತು, ನಿಮ್ಮ ಕಡೆಗಿರುವ ಸ್ಪ್ಯಾನರ್ ಹಿಡಿಯನ್ನು ಬಲದಿಂದ ಎಡಕ್ಕೆ ತಳ್ಳಿದರೆ ಬೌಲ್ ಸಡಿಲವಾಗುತ್ತದೆ. ಕೊನೆಯ ಸುತ್ತುಗಳಲ್ಲಿ ಒಂದು ಕೈ ಕೆಳಗೆ ಕೊಡಿ, ಏಕೆಂದರೆ ಒಳಗೆ ತುಂಬಿರುವ ನೀರಿನ ಭಾರ ಒಮ್ಮೆಗೇ ಕೈಗೆ ಬೀಳುತ್ತದೆ. ಹೊರಬಂದ ಕ್ಯಾಂಡಲನ್ನು ಎಸೆಯುವ ಮೊದಲು ಚಾಕುವಿನಿಂದ ಅಡ್ಡ ಕತ್ತರಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ನನಗೆ ನನ್ನ ನೀರಿನ ಬಗ್ಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಈ ಒಂದು ನೋಟ. ಹೊರಗಿನ ಪದರ ಚಹಾದ ಬಣ್ಣಕ್ಕೆ ತಿರುಗಿ, ಅರ್ಧ ಬೆರಳು ಒಳಗೆ ಇನ್ನೂ ಹತ್ತಿಯಂತೆ ಬೆಳ್ಳಗಿದ್ದರೆ ನೀವು ಸರಿಯಾದ ಸಮಯಕ್ಕೆ ತೆಗೆದಿದ್ದೀರಿ. ಕಂದು ಬಣ್ಣ ನಡುವಿನ ರಂಧ್ರದವರೆಗೂ ತಲುಪಿದ್ದರೆ ಕೆಸರು ಯಂತ್ರದೊಳಕ್ಕೆ ದಾಟಿದೆ, ಮುಂದಿನ ಬಾರಿ ಒಂದು ತಿಂಗಳು ಮುಂಚೆಯೇ ಬದಲಿಸಬೇಕು.

ಬೌಲ್‌ನ ಒಳಗೋಡೆಗೆ ಅಂಟಿದ ಲೋಳೆಯನ್ನು ಮೆತ್ತನೆಯ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಈಗ ಬೌಲ್‌ನ ಬಾಯಿಯ ತೋಡಿನಲ್ಲಿರುವ, ಸೋರದಂತೆ ತಡೆಯುವ ಕಪ್ಪು ರಬ್ಬರ್ ಉಂಗುರದ (ಓ-ರಿಂಗ್) ಕಡೆಗೆ ನೋಡಿ. ಮೊದಮೊದಲು ಒಂದು ಸಲ ನಾನು ತೊಳೆದ ನೀರನ್ನು ಸಿಂಕಿಗೆ ಚೆಲ್ಲುವಾಗ ಅದು ನೀರಿನ ಜತೆ ಜಾರಿಹೋದದ್ದು ಗಮನಕ್ಕೆ ಬರಲಿಲ್ಲ. ಬೌಲ್ ಬಿಗಿ ಮಾಡಿದೆ, ಸಂಜೆಯವರೆಗೆ ಒಂದು ಹನಿಯೂ ಸೋರಲಿಲ್ಲ. ರಾತ್ರಿ ಟ್ಯಾಂಕ್ ತುಂಬಿ ಒತ್ತಡ ಏರಿದ ಮೇಲೆ ಸೋರತೊಡಗಿ, ಬೆಳಗ್ಗೆ ಎದ್ದಾಗ ಅಡುಗೆಮನೆಯಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತ್ತು, ಕೆಳಗಿನ ಕಪಾಟಿನಲ್ಲಿದ್ದ ಅಕ್ಕಿಯ ಚೀಲ ತೊಯ್ದಿತ್ತು. ಅಂದಿನಿಂದ ಬೌಲ್ ತೆಗೆದ ಕ್ಷಣವೇ ಓ-ರಿಂಗನ್ನು ಬೇರ್ಪಡಿಸಿ ಬೇರೊಂದು ತಟ್ಟೆಯಲ್ಲಿ ಇಡುತ್ತೇನೆ. ಅದು ಚಪ್ಪಟೆಯಾಗಿದ್ದರೆ ಅಥವಾ ಸೀಳಿದ್ದರೆ ಹೊಸದು ಹಾಕಿ. ಹಳೆಯದು ಮೇಲಿನ ತಲೆಗೆ ಅಂಟಿಕೊಂಡು ಉಳಿದಿಲ್ಲವೇ ಎಂದೂ ಬೆರಳಾಡಿಸಿ ನೋಡಿ. ಎರಡು ಓ-ರಿಂಗ್ ಒಂದರ ಮೇಲೊಂದು ಕುಳಿತರೂ ಸೋರುತ್ತದೆ.

ಹೊಸ ಕ್ಯಾಂಡಲ್‌ನ ಪ್ಲಾಸ್ಟಿಕ್ ಹೊದಿಕೆಯನ್ನು ಪೂರ್ತಿ ತೆಗೆದು, ಬೌಲ್‌ನ ತಳದಲ್ಲಿರುವ ಉಬ್ಬಿನ ಮೇಲೆ ನೆಟ್ಟಗೆ ಕೂರಿಸಿ. ಓರೆಯಾಗಿ ಕುಳಿತರೆ ನೀರು ಸೋಸದೆಯೇ ಪಕ್ಕದಿಂದ ನುಸುಳಿಹೋಗುತ್ತದೆ. ಬೌಲನ್ನು ಕೈಯಿಂದಲೇ ಬಿಗಿ ಮಾಡಿ, ಕೊನೆಗೆ ಸ್ಪ್ಯಾನರ್‌ನಿಂದ ಕಾಲು ಸುತ್ತು ಸಾಕು. ವಾಲ್ವ್ ಅನ್ನು ನಿಧಾನವಾಗಿ ತೆರೆದು, ಬೌಲ್ ತುಂಬಿದ ಬಳಿಕ ಬಾಯಿಯ ಸುತ್ತ ಒಣ ಟಿಶ್ಯೂ ಕಾಗದ ಒರೆಸಿ ನೋಡಿ. ಕಣ್ಣಿಗೆ ಕಾಣದ ತೇವ ಕಾಗದಕ್ಕೆ ಕಾಣುತ್ತದೆ.

ಒಳಗಿನ ಸೆಡಿಮೆಂಟ್ ಮತ್ತು ಕಾರ್ಬನ್

ಇವೆರಡನ್ನೂ ಆರು ತಿಂಗಳಿಂದ ಒಂದು ವರ್ಷದ ಒಳಗೆ, ಒಟ್ಟಿಗೇ ಬದಲಿಸುವುದು ವಾಡಿಕೆ. ಟ್ಯಾಂಕ್ ತುಂಬಲು ಹಿಂದಿಗಿಂತ ಬಹಳ ಹೊತ್ತು ಹಿಡಿಯುತ್ತಿದ್ದರೆ ಸೆಡಿಮೆಂಟ್ ಕಟ್ಟಿಕೊಂಡಿರಬಹುದು. ಶುದ್ಧ ನೀರಿನಲ್ಲಿ ಕ್ಲೋರಿನ್ ವಾಸನೆ ಬಂದರೆ ಕಾರ್ಬನ್ ಮುಗಿದಿದೆ, ಒಂದು ದಿನವೂ ತಡಮಾಡಬಾರದು.

ಪ್ಲಗ್ ಕಿತ್ತು, ವಾಲ್ವ್ ಮುಚ್ಚಿ, ಯಂತ್ರದ ಮುಚ್ಚಳ ತೆಗೆದ ಕೂಡಲೇ ಮೊಬೈಲ್‌ನಲ್ಲಿ ಎದುರಿನಿಂದಲೂ ಪಕ್ಕದಿಂದಲೂ ಫೋಟೊ ತೆಗೆದಿಟ್ಟುಕೊಳ್ಳಿ. ಒಂದೇ ಬಣ್ಣದ ಹತ್ತು ಪೈಪುಗಳು ಕಳಚಿದ ಮೇಲೆ ಯಾವುದು ಎಲ್ಲಿತ್ತು ಎಂಬುದು ಖಂಡಿತ ನೆನಪಿರುವುದಿಲ್ಲ. ಫಿಲ್ಟರ್‌ಗಳ ಮೈಮೇಲೆ ನೀರು ಹರಿಯುವ ದಿಕ್ಕಿನ ಬಾಣ ಇರುತ್ತದೆ. ಹಳೆಯದರ ಬಾಣ ಯಾವ ಕಡೆಗಿತ್ತೋ ಹೊಸದರದ್ದೂ ಅದೇ ಕಡೆಗೆ ಇರಬೇಕು.

ಪೈಪ್ ಕಳಚಲು ಎಳೆದಾಡಬಾರದು. ಪೈಪ್ ಬಂದು ಸೇರುವ ಬಾಗಿದ ಪ್ಲಾಸ್ಟಿಕ್ ತುಂಡು, ಅಂದರೆ ಎಲ್ಬೋದ ಬಾಯಿಯಲ್ಲಿ ಸಣ್ಣ ಲಾಕ್ ಕ್ಲಿಪ್ ಇದ್ದರೆ ಅದನ್ನು ತೆಗೆದು, ಅಲ್ಲಿನ ಉಂಗುರವನ್ನು ಉಗುರಿನಿಂದ ಒಳಕ್ಕೆ ಒತ್ತಿಹಿಡಿದು ಪೈಪನ್ನು ಎಳೆದರೆ ಬೆಣ್ಣೆಯಿಂದ ಕೂದಲು ತೆಗೆದಂತೆ ಹೊರಬರುತ್ತದೆ. ಹೊಸ ಫಿಲ್ಟರ್‌ಗೆ ಎಲ್ಬೋ ಕೂರಿಸುವಾಗ ಅದರ ಮರೆಗೆ (ತಿರುಪಿನ ಗೆರೆಗಳಿಗೆ) ಟೆಫ್ಲಾನ್ ಟೇಪನ್ನು ಎಲ್ಬೋ ತಿರುಗಿಸುವ ದಿಕ್ಕಿನಲ್ಲೇ ಆರೇಳು ಸುತ್ತು ಸುತ್ತಿ. ತಿರುಗುಮುರುಗಾಗಿ ಸುತ್ತಿದರೆ ಬಿಗಿ ಮಾಡುವಾಗ ಟೇಪ್ ಬಿಚ್ಚಿಕೊಳ್ಳುತ್ತದೆ. ಕೈಯಿಂದ ಬಿಗಿ ಮಾಡಿದರೆ ಸಾಕು, ಸ್ಪ್ಯಾನರ್‌ನ ಬಲಕ್ಕೆ ಪ್ಲಾಸ್ಟಿಕ್ ಮರೆ ಸೀಳುತ್ತದೆ. ಪೈಪಿನ ತುದಿ ಸವೆದಿದ್ದರೆ ಅರ್ಧ ಇಂಚು ನೇರವಾಗಿ ಕತ್ತರಿಸಿ, ತಡೆಯುವವರೆಗೆ ಒಳಕ್ಕೆ ನೂಕಿ, ಒಮ್ಮೆ ಹಗುರವಾಗಿ ಎಳೆದು ಪರೀಕ್ಷಿಸಿ, ಕ್ಲಿಪ್ ಮತ್ತೆ ಹಾಕಿ.

ಇಲ್ಲಿ ಅವಸರದಲ್ಲಿ ಬಹುಮಂದಿ ಬಿಟ್ಟುಬಿಡುವ ಒಂದು ಹೆಜ್ಜೆಯಿದೆ. ಹೊಸ ಕಾರ್ಬನ್ ಫಿಲ್ಟರ್‌ನೊಳಗೆ ಕಪ್ಪು ಪುಡಿ ಇರುತ್ತದೆ. ಅದು ಹಾಗೆಯೇ ಮುಂದೆ ಹೋದರೆ ಮೆಂಬ್ರೇನ್ ಮೇಲೆ ಕೂರುತ್ತದೆ. ಆದ್ದರಿಂದ ಕಾರ್ಬನ್‌ನಿಂದ ಮುಂದಕ್ಕೆ ಹೋಗುವ ಪೈಪನ್ನು ಸದ್ಯಕ್ಕೆ ಜೋಡಿಸದೆ ಬಕೆಟ್‌ಗೆ ಬಿಟ್ಟು, ವಾಲ್ವ್ ತೆರೆಯಿರಿ. ಮೊದಲು ಮಸಿ ನೀರು ಬರುತ್ತದೆ, ಬಳಿಕ ಬೂದು, ಕೊನೆಗೆ ತಿಳಿ. ಬಿಳಿಯ ಲೋಟದಲ್ಲಿ ಹಿಡಿದಾಗ ತಳದಲ್ಲಿ ಒಂದು ಕಣವೂ ಕಾಣದಂತಾಗುವವರೆಗೆ, ಅಂದರೆ ಸುಮಾರು ಐದರಿಂದ ಹತ್ತು ನಿಮಿಷ ಹರಿಸಿ. ಕೆಲವು ಯಂತ್ರಗಳಲ್ಲಿ ಕಾರ್ಬನ್ ಪಂಪಿನ ನಂತರ ಇರುತ್ತದೆ. ಅಲ್ಲಿ ವಾಲ್ವ್ ತೆರೆದರೂ ನೀರು ಬರುವುದಿಲ್ಲ, ಯಂತ್ರವನ್ನು ಚಾಲೂ ಮಾಡಿಯೇ ಹರಿಸಬೇಕು. ಆಗ ಒದ್ದೆ ಕೈಯಿಂದ ಒಳಗಿನ ವೈರುಗಳನ್ನು, ಅಡಾಪ್ಟರನ್ನು ಮುಟ್ಟಬೇಡಿ. ಯುವಿ ದೀಪವಿದ್ದರೆ ಅದನ್ನು ನೇರವಾಗಿ ನೋಡಬೇಡಿ.

ಮೆಂಬ್ರೇನ್

ಉಳಿದವುಗಳನ್ನು ಸಕಾಲಕ್ಕೆ ಬದಲಿಸಿಕೊಂಡು ಬಂದರೆ ಮೆಂಬ್ರೇನ್ ಸಾಧಾರಣವಾಗಿ ಎರಡು ಮೂರು ವರ್ಷ ಬಾಳುತ್ತದೆ. ಕೊಳ್ಳುವಾಗ ಹಳೆಯದರ ಮೇಲಿರುವ ಅಂಕಿಯನ್ನೇ ನೋಡಿ ತನ್ನಿ. 75 ಎಂದಿದ್ದರೆ ದಿನಕ್ಕೆ 75 ಗ್ಯಾಲನ್, ಅಂದರೆ ಸುಮಾರು 284 ಲೀಟರ್ ಎಂದರ್ಥ. ದೊಡ್ಡ ಅಂಕಿ ಹಾಕಿದರೆ ಹೆಚ್ಚು ನೀರು ಬರುತ್ತದೆ ಎಂದುಕೊಂಡು 100ರದ್ದನ್ನು ತರಬೇಡಿ. ಪಂಪ್ ಮತ್ತು ಎಫ್‌ಆರ್ ಅದಕ್ಕೆ ಹೊಂದದಿದ್ದರೆ ನೀರೂ ಹೆಚ್ಚುವುದಿಲ್ಲ, ಮೆಂಬ್ರೇನೂ ಬೇಗ ಕಟ್ಟಿಕೊಳ್ಳುತ್ತದೆ. ಎಫ್‌ಆರ್‌ನ ರಂಧ್ರ ಗಡಸು ನೀರಿನಲ್ಲಿ ಸುಣ್ಣಗಟ್ಟುವುದರಿಂದ ಮೆಂಬ್ರೇನ್ ಜತೆಗೆ ಅದನ್ನೂ, ಅದರ ಮೇಲಿನ ಅದೇ ಅಂಕಿಯದನ್ನು ನೋಡಿ, ಬದಲಿಸಿಬಿಡಿ.

ಮೆಂಬ್ರೇನ್ ಕೂರುವ ಕವಚಕ್ಕೆ ಹೌಸಿಂಗ್ ಎನ್ನುತ್ತಾರೆ. ಹೌಸಿಂಗ್‌ನ ಮುಚ್ಚಳದ ಕಡೆ ನೀರು ಒಳಬರುವ ಒಂದು ಪೈಪ್ ಇರುತ್ತದೆ, ಇನ್ನೊಂದು ತುದಿಯಲ್ಲಿ ಶುದ್ಧ ನೀರಿನದ್ದು ಮತ್ತು ವೇಸ್ಟ್ ನೀರಿನದ್ದು ಎಂದು ಎರಡು. ಮುಚ್ಚಳದ ಪೈಪ್ ಕಳಚಿ, ಮುಚ್ಚಳ ತಿರುಗಿಸಿ ತೆಗೆದು, ಹಳೆಯ ಮೆಂಬ್ರೇನ್‌ನ ನಡುವಿನ ಕೊಳವೆಯನ್ನು ಇಕ್ಕಳದಿಂದ ಹಿಡಿದು ನೇರವಾಗಿ ಎಳೆಯಿರಿ. ಹೌಸಿಂಗ್‌ನ ತಳದಲ್ಲಿ ಹಳೆಯ ರಬ್ಬರ್ ರಿಂಗ್ ಉಳಿದಿಲ್ಲವೇ ಎಂದು ಟಾರ್ಚ್ ಬಿಟ್ಟು ನೋಡಿ, ತೊಳೆಯಿರಿ.

ಹೊಸ ಮೆಂಬ್ರೇನ್‌ನ ಪೊಟ್ಟಣವನ್ನು ಹಾಕುವ ಹೊತ್ತಿಗೆ ಮಾತ್ರ ಒಡೆಯಿರಿ. ಸೋಪಿನಿಂದ ತೊಳೆದ ಕೈಯಿಂದ, ಆದಷ್ಟು ತುದಿಗಳಲ್ಲಿ ಮಾತ್ರ ಹಿಡಿಯಿರಿ. ಎರಡು ಪುಟ್ಟ ರಿಂಗ್‌ಗಳಿರುವ ಕೊಳವೆಯ ತುದಿ ಮೊದಲು ಒಳಗೆ ಹೋಗಬೇಕು, ದೊಡ್ಡ ರಬ್ಬರ್ ಪಟ್ಟಿಯಿರುವ ತುದಿ ಮುಚ್ಚಳದ ಕಡೆಗೆ ಬರಬೇಕು. ರಿಂಗ್‌ಗಳಿಗೆ ನೀರು ಸವರಿದರೆ ಸಾಕು, ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿದರೆ ರಬ್ಬರ್ ಉಬ್ಬಿ ಕೆಡುತ್ತದೆ. ಹೆಬ್ಬೆರಳಿನಿಂದ ಒತ್ತುತ್ತ ಹೋದಾಗ ಕೊನೆಯಲ್ಲಿ ಒಂದು ಸಣ್ಣ ತಡೆ ಸಿಕ್ಕಿ, ಅದನ್ನು ದಾಟಿ ಮೆಂಬ್ರೇನ್ ತಳಕ್ಕೆ ಕೂರುವುದು ಕೈಗೇ ತಿಳಿಯುತ್ತದೆ. ಆ ಅನುಭವ ಆಗದೆ ಮುಚ್ಚಳ ಹಾಕಬೇಡಿ. ಪುಟ್ಟ ರಿಂಗ್‌ಗಳು ಸರಿಯಾಗಿ ಕೂರದಿದ್ದರೆ ವೇಸ್ಟ್ ನೀರು ಶುದ್ಧ ನೀರಿಗೆ ಬೆರೆಯುತ್ತದೆ, ಹೊಸ ಮೆಂಬ್ರೇನ್ ಹಾಕಿಯೂ ಟಿಡಿಎಸ್ ಇಳಿಯಲಿಲ್ಲ ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ.

ಚಾಲೂ ಮಾಡಿದ ಬಳಿಕ

ಮೆಂಬ್ರೇನನ್ನು ಕೆಡದಂತೆ ಇಡಲು ಬಳಸುವ ರಾಸಾಯನಿಕ ಮೊದಲ ನೀರಿನಲ್ಲಿ ಬರುವುದರಿಂದ, ಮೊದಲು ತುಂಬಿದ ಒಂದು ಟ್ಯಾಂಕ್ ನೀರನ್ನು ಪೂರ್ತಿ ಚೆಲ್ಲಿಬಿಡಿ; ಪುಟ್ಟ ಮಕ್ಕಳಿರುವ ಮನೆಯಲ್ಲಿ ಎರಡು ಟ್ಯಾಂಕ್ ಚೆಲ್ಲುವುದು ಉತ್ತಮ. ಆ ನೀರಿನಲ್ಲಿ ನೆಲ ಒರೆಸಬಹುದು, ಪಾತ್ರೆ ಬೇಡ. ಟ್ಯಾಂಕ್ ಖಾಲಿಯಿರುವಾಗಲೇ ಅದರ ಒಳಗನ್ನು ಶುದ್ಧ ಬಟ್ಟೆಯಿಂದ ಒರೆಸಿ ತೊಳೆಯಿರಿ, ಏಕೆಂದರೆ ಇಷ್ಟೆಲ್ಲ ಸೋಸಿದ ನೀರು ಕೊನೆಗೆ ನಿಲ್ಲುವುದು ಅಲ್ಲಿಯೇ.

ಮುಚ್ಚಳ ಹಾಕದೆ ಅರ್ಧ ಗಂಟೆ ಓಡಿಸಿ, ಪ್ರತಿ ಎಲ್ಬೋದ ಕೆಳಗೂ ಟಿಶ್ಯೂ ಕಾಗದ ತಾಗಿಸಿ ನೋಡಿ. ಟ್ಯಾಂಕ್ ತುಂಬಿದಾಗ ಪಂಪ್ ತಾನಾಗಿ ನಿಂತು, ವೇಸ್ಟ್ ಪೈಪಿನ ಹರಿವೂ ನಿಲ್ಲಬೇಕು. ಪಂಪ್ ನಿಂತರೂ ವೇಸ್ಟ್ ನೀರು ಹರಿಯುತ್ತಲೇ ಇದ್ದರೆ ಎಸ್‌ವಿ ಎಂಬ ವಿದ್ಯುತ್ ವಾಲ್ವ್‌ನಲ್ಲಿ ಕಸ ಸಿಕ್ಕಿರಬಹುದು; ಆ ರಿಪೇರಿಗೆ ತಿಳಿದವರನ್ನು ಕರೆಸುವುದೇ ಸರಿ. ವೇಸ್ಟ್ ನೀರನ್ನು ಬಕೆಟ್‌ಗೆ ಹಿಡಿದು ಶೌಚಾಲಯಕ್ಕೆ, ನೆಲಕ್ಕೆ ಬಳಸಿ. ಅದರ ಟಿಡಿಎಸ್ ಕೂಡ ಒಮ್ಮೆ ಅಳೆಯಿರಿ. ಸಾವಿರ ದಾಟಿದ್ದರೆ ಕುಂಡದ ಗಿಡಗಳಿಗೆ ಹಾಕಬೇಡಿ, ಎಲೆಯ ಅಂಚು ಸುಡುತ್ತದೆ.

ಹಳೆಯ ಕ್ಯಾಂಡಲ್, ಫಿಲ್ಟರ್‌ಗಳನ್ನು ಒಂದೆರಡು ದಿನ ಬಿಸಿಲಿಗಿಟ್ಟು ಒಣಗಿಸಿ ಒಣಕಸದ ಜತೆ ಕೊಡಿ. ಯುವಿ ದೀಪ ಬದಲಿಸಿದ್ದರೆ ಅದರಲ್ಲಿ ಪಾದರಸ ಇರುವುದರಿಂದ ಅದನ್ನು ಒಡೆಯದೆ ಕಾಗದದಲ್ಲಿ ಸುತ್ತಿ ಬೇರೆಯಾಗಿಯೇ ಕೊಡಬೇಕು.

ಕೊನೆಯದಾಗಿ, ಹೊಸ ಫಿಲ್ಟರ್‌ಗಳ ಮೈಮೇಲೆ ಮಾರ್ಕರ್‌ನಿಂದ ಹಾಕಿದ ದಿನಾಂಕ ಬರೆಯಿರಿ. ಯಂತ್ರದ ಮುಚ್ಚಳದ ಒಳಬದಿಗೆ ಒಂದು ಚೀಟಿ ಅಂಟಿಸಿ, ಅಂದಿನ ನಲ್ಲಿ ನೀರಿನ ಟಿಡಿಎಸ್, ಮೆಂಬ್ರೇನ್ ಪೈಪಿನ ಟಿಡಿಎಸ್, ಒಂದು ಲೀಟರ್ ಶುದ್ಧ ನೀರು ಬರಲು ಹಿಡಿದ ನಿಮಿಷ, ಈ ಮೂರು ಅಂಕಿಗಳನ್ನು ಬರೆದಿಡಿ. ನನ್ನ ಯಂತ್ರದ ಚೀಟಿಯಲ್ಲಿ ಈಗ ನಾಲ್ಕು ವರ್ಷದ ಅಂಕಿಗಳಿವೆ. ಒಂದು ಲೀಟರಿಗೆ ಆರು ನಿಮಿಷ ಇದ್ದದ್ದು ಒಂಬತ್ತಕ್ಕೆ ಏರಿದ ತಿಂಗಳು ಸೆಡಿಮೆಂಟ್ ಬದಲಿಸಿದೆ, ಮತ್ತೆ ಆರಕ್ಕೆ ಬಂತು. ಆ ಸಾಲಿನ ಮುಂದೆ ಮೆಂಬ್ರೇನ್ ಟಿಡಿಎಸ್ 41 ಎಂದಿದೆ.